ಬದಲಿಗೆ ನಿಂತವಳು

ಬೆಳಿಗ್ಗೆ ಎದ್ದಾಗಿನಿಂದ ಅವನಿಗೆ ಅಡುಗೆಮನೆಯ ಕಿಟಕಿಯ ಮೇಲೆ ಸಿಟ್ಟು. ಪಾಪ, ಕಿಟಕಿ ಏನೂ ಮಾಡಿರಲಿಲ್ಲ. ಇಷ್ಟು ವರ್ಷ ಎಲ್ಲಿತ್ತೋ ಅಲ್ಲೇ ಇತ್ತು, ಒಲೆಯ ಎಡಕ್ಕೆ, ಒಡೆದ ಒಂದು ಗಾಜಿನ ಜಾಗಕ್ಕೆ ರಟ್ಟು ಅಂಟಿಸಿಕೊಂಡು. ಎದುರು ಕಟ್ಟಡದ ಬಿಳಿ ಗೋಡೆಗೆ ಬಡಿದು ವಾಪಸು ಬಂದ ಬಿಸಿಲು ಅದರೊಳಗಿಂದ ತೂರಿ, ತರಕಾರಿ ಹೆಚ್ಚುತ್ತಾ ನಿಂತ ಹೆಂಡತಿಯ ಮುಖದ ಒಂದು ಪಕ್ಕಕ್ಕೆ ಬಿದ್ದು, ಇನ್ನೊಂದು ಪಕ್ಕವನ್ನು ಅದರ ಪಾಡಿಗೆ ಬಿಟ್ಟಿತ್ತು. ಹೆಚ್ಚುವಾಗ ಅವಳು ಯಾವಾಗಲೂ ತುಟಿ ಆಡಿಸುತ್ತಾಳೆ. ಯಾರಿಗೋ ಜವಾಬು ಕೊಡುತ್ತಾಳೆ, ಯಾರನ್ನೋ ಗದರುತ್ತಾಳೆ, ಹುಬ್ಬು ಹಾರಿಸಿ ಯಾರದೋ ಮಾತಿಗೆ ‘ಓಹೋ, ಹಾಗಾ’ ಅನ್ನುತ್ತಾಳೆ, ಎಲ್ಲಾ ದನಿಯಿಲ್ಲದೆ. ಅವನು ಬಾಗಿಲ ಚೌಕಟ್ಟಿಗೆ ಒರಗಿ ನೋಡುತ್ತಿದ್ದ. ಇಂಥ ಬೆಳಕನ್ನು ಒಂದು ಮುಖದ ಮೇಲೆ ತರಬೇಕಾದರೆ ಹಿಂದೆ ಸಿನಿಮಾಗಳಿಗೆ ಕ್ಯಾಮರಾ ಹಿಡಿಯುತ್ತಿದ್ದಾಗ ಅವನು ಅರ್ಧ ದಿನ ಒದ್ದಾಡುತ್ತಿದ್ದ, ಬಿಳಿ ಬಟ್ಟೆ ಕಟ್ಟಿಸಿ, ಬೆಳಕು ಬಡಿದು ವಾಪಸು ಬರಲು ಥರ್ಮಾಕೋಲ್ ಹಿಡಿಸಿ, ದೀಪದವರ ಹತ್ತಿರ ಬೈಸಿಕೊಂಡು. ಈ ದರಿದ್ರ ಕಿಟಕಿ ದಿನಾ ಬೆಳಿಗ್ಗೆ ಅದನ್ನು ಬಿಟ್ಟಿಯಾಗಿ ಮಾಡಿಕೊಂಡು ಬಂದಿದೆ, ಅವನಿಗೆ ಒಂದು ಮಾತೂ ಹೇಳದೆ.

“ಏನ್ರೀ ಅದು, ಬಾಗಿಲಲ್ಲಿ ಕಂಬದ ಥರ,” ಎಂದಳು ಅವಳು ತಲೆಯೆತ್ತದೆ. “ಒಳಗೆ ಬರೋದಾದ್ರೆ ಬನ್ನಿ, ಹೋಗೋದಾದ್ರೆ ಹೋಗಿ.”

“ಇನ್ನೇನು ಬಂದುಬಿಡ್ತಾರೆ ಅವರು.”

“ಗೊತ್ತು. ಅದಕ್ಕೇ ಈಗಲೇ ಹೆಚ್ಚಿಡ್ತಾ ಇದೀನಿ. ನಟಿ ಆದೆ ಅಂತ ಮಧ್ಯಾಹ್ನ ಹಸಿವಾಗಲ್ವಾ ನನಗೆ?”

ನಟಿ ಅನ್ನುವ ಮಾತನ್ನು ಅವಳು ಸಿಪ್ಪೆ ಎಸೆದಷ್ಟು ಹಗುರಾಗಿ ಎಸೆದಳು. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ ಅವನ ಕೈ ತಾನೇ ತಾನಾಗಿ ಜೇಬಿಗೆ ಹೋಗಿ ಅಲ್ಲಿದ್ದ ಬೆಳಕಿನ ಮೀಟರನ್ನು ಮುಟ್ಟಿತು. ಈಗ ಅದನ್ನು ಯಾರೂ ಬಳಸುವುದಿಲ್ಲ. ಕ್ಯಾಮರಾವೇ ಎಲ್ಲ ಹೇಳುತ್ತದೆ. ಆದರೂ ಒಂದು ವಾರದಿಂದ ಅದನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದ, ಹಳೆಯ ಕುಸ್ತಿಪಟು ಕೈಯಲ್ಲಿ ಮಣ್ಣು ಹಿಡಿದುಕೊಂಡ ಹಾಗೆ.

ಹೋದ ವಾರ ಆ ಡೈರೆಕ್ಟರ್ ಹುಡುಗಿ ಬಂದದ್ದು ಅವನನ್ನು ಹುಡುಕಿಕೊಂಡು. ಮಗಳಿದ್ದಿದ್ದರೆ ಮಗಳ ವಯಸ್ಸು. ಗೆಳೆಯರನ್ನು ಕಾಡಿ ಬೇಡಿ ಒಂದು ಚಿಕ್ಕ ಚಿತ್ರ ಮಾಡಲು ಹೊರಟಿದ್ದಳು. ಬಿಟ್ಟುಹೋಗಬೇಕಾದ ಬಾಡಿಗೆ ಮನೆಗೆ ಬೀಗ ಹಾಕುವ ಮುಂಚೆ ಒಂದಿಡೀ ದಿನ ಅದರೊಳಗೆ ಓಡಾಡುವ ಒಬ್ಬ ವಯಸ್ಸಾದ ಹೆಂಗಸಿನ ಕಥೆ, ಚಿತ್ರದ ತುಂಬ ಅವಳೊಬ್ಬಳೇ. ಅವನ ಹಳೆಯ ಚಿತ್ರಗಳನ್ನೆಲ್ಲ ನೋಡಿದ್ದಳಂತೆ. ಯಾವ ಗೋಡೆಯ ಮೇಲೆ ಯಾವ ನೆರಳಿತ್ತು ಅನ್ನುವುದನ್ನು ಅವನಿಗೇ ನೆನಪು ಮಾಡಿಕೊಟ್ಟಳು. ಅವನು ದೊಡ್ಡ ಕಂಪನಿಯವರ ಚಿತ್ರ ಮುಟ್ಟಿದವನಲ್ಲ, ಅವರು ಕರೆದಾಗ ಸೆಟೆದುಕೊಂಡು ಕೂತವನು. ಆಮೇಲೆ ಅವರು ಕರೆಯುವುದನ್ನು ಬಿಟ್ಟರು, ಚಿಕ್ಕ ಚಿತ್ರದವರು ತಾವೇ ಕ್ಯಾಮರಾ ಹಿಡಿಯಲು ಕಲಿತರು, ಅವನು ಕಾರ್ಖಾನೆಗಳ ಜಾಹೀರಾತು, ಮದುವೆ, ಕಟ್ಟಡ ಉದ್ಘಾಟನೆ ಅಂತ ಹಿಡಿಯುತ್ತಾ ಹಿಡಿಯುತ್ತಾ ಒಂದು ದಿನ ಅದೂ ನಿಂತು ಮನೆಯಲ್ಲಿ ಕೂತ. ಕೂತವನಿಗೆ ಈ ಹುಡುಗಿ ದೇವರು ಕಳಿಸಿದ ಹಾಗೆ ಕಂಡಳು. ಅವಳು ಮಾತಾಡುತ್ತಿರುವಾಗಲೇ ಒಳಗೆ ಹೆಂಡತಿ ಫೋನಿನಲ್ಲಿ ನಲ್ಲಿ ರಿಪೇರಿಯವನಿಗೆ ಶಾಸ್ತಿ ಮಾಡುತ್ತಿದ್ದಳು. “ನೀನು ನಾಳೆ ಬರ್ತೀನಿ ಅಂದ ನಾಳೆಗೆ ಮೀಸೆ ಬಂದು ಹಣ್ಣಾಗಿ ಹೋಯ್ತಪ್ಪಾ, ಈಗ ಬರೋದು ಯಾವ ನಾಳೆ?” ಹುಡುಗಿ ಮಾತು ನಿಲ್ಲಿಸಿ ಕೇಳಿಸಿಕೊಂಡಳು. ಎದ್ದು ಹೋಗಿ ಇಣುಕಿದಳು. ಮೆಟ್ಟಿಲಿಳಿಯುವಾಗ ಅರ್ಧಕ್ಕೆ ನಿಂತು, “ಸಾರ್, ತಪ್ಪು ತಿಳೀಬೇಡಿ, ನನಗೆ ಅಮ್ಮನೇ ಬೇಕು. ಆ ಪಾತ್ರಕ್ಕೆ,” ಎಂದಳು. ಅವನು ಹೂಂ ಎಂದ. ತಡಮಾಡದೆ ಎಂದ. ಎಷ್ಟು ಬೇಗ ಎಂದನೆಂದರೆ ಅವಳಿಗೇ ಆಶ್ಚರ್ಯವಾಯಿತು. ಹೆಂಡತಿಯನ್ನು ಕೇಳಿದಾಗ ಅವಳು ಒರೆಸುವ ಬಟ್ಟೆಯಲ್ಲಿ ಕೈ ಒರೆಸುತ್ತಾ ನಕ್ಕು, “ನಾನಾ? ಆಗಲಿ ತಾಯಿ, ಈ ವಯಸ್ಸಲ್ಲಿ ಇದೊಂದು ಬಾಕಿ ಇತ್ತು,” ಎಂದಳು. ಆಮೇಲೆ, “ಕ್ಯಾಮರಾ ಯಾರು?” “ಸಾರೇ ಅಮ್ಮಾ, ಇನ್ಯಾರು.” “ಓ,” ಎಂದಳು. ಅಷ್ಟೇ. ಒಂದು ವಾರದಿಂದ ಆ ಓ ಅವನ ಕಿವಿಯಲ್ಲಿ ನೀರು ಹೋದ ಹಾಗೆ ಕೂತಿತ್ತು. ತಲೆ ಎತ್ತ ಕೊಡವಿದರೂ ಇಳಿಯಲೊಲ್ಲದು.

ಆ ದಿನ ಹೂಂ ಅನ್ನಲು ಅವನು ತಡಮಾಡದೇ ಇದ್ದುದಕ್ಕೆ ಕಾರಣ, ಅದೇ ಪ್ರಶ್ನೆಯನ್ನು ಮೊದಲ ಸಲ ಕೇಳಿದಾಗ ಅವನು ಬೇರೆ ಉತ್ತರ ಕೊಟ್ಟಿದ್ದುದು. ಅವನ ಮೊದಲ ಚಿತ್ರ ಅದು, ಗಡ್ಡ ಎಂದು ಎಲ್ಲರೂ ಕರೆಯುತ್ತಿದ್ದ ಡೈರೆಕ್ಟರನದು, ಈಗ ಅವನಿಲ್ಲ. ನಾಯಕಿ ಒಂದು ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದಳು, ಮಧ್ಯಾಹ್ನದ ಮೇಲೆ ರಜೆ ಹೇಳಿ ಓಡಿಬರುತ್ತಿದ್ದಳು. ಬಂದ ಮೇಲೆ ದೀಪ ಜೋಡಿಸುತ್ತಾ ಕೂತರೆ ಬಿಸಿಲು ಹೋಗಿಬಿಡುತ್ತಿತ್ತು. ಹಾಗಾಗಿ ಬೆಳಿಗ್ಗೆ ಇವನ ಹೆಂಡತಿ ಅವಳ ಬದಲಿಗೆ ನಿಲ್ಲುತ್ತಿದ್ದಳು, ನೆಲದ ಮೇಲೆ ಅಂಟುಪಟ್ಟಿಯಿಂದ ಹಾಕಿದ ಗುರುತಿನ ಮೇಲೆ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ನಿಂತ್ಕೋ ಎಂದರೆ ನಿಲ್ಲುತ್ತಿದ್ದಳು. ಗಲ್ಲ ಸ್ವಲ್ಪ ಮೇಲೆ ಎಂದರೆ ಮೇಲೆ. ಮೊದಮೊದಲು ನಗು ಬಂದುಬಿಡುತ್ತಿತ್ತು, ಮೂಗು ಕೆರೆಯುತ್ತಿತ್ತು, ಏನಾದರೂ ಹೇಳಬೇಕು ಅನ್ನಿಸುತ್ತಿತ್ತು. ಅವನು ಗದರುತ್ತಿದ್ದ: ಮುಖದಲ್ಲಿ ಏನೂ ತರಬೇಡ, ನೀನು ಏನಾದರೂ ತಂದರೆ ಬೆಳಕು ಗೊತ್ತಾಗಲ್ಲ, ಗೋಡೆ ಥರ ನಿಂತ್ಕೋ. ಅವಳು ಕಲಿತಳು. ನಾಯಕಿಗೆ ಮಾತ್ರವಲ್ಲ, ಎಲ್ಲರಿಗೂ ಅವಳೇ. ನಾಯಕನ ಬದಲಿಗೆ ಸ್ಟೂಲಿನ ಮೇಲೆ, ಮಗುವಿನ ಬದಲಿಗೆ ಮಂಡಿಯೂರಿ. ಒಂದು ಚಿತ್ರದಲ್ಲಿ ಹೆಣದ ಬದಲಿಗೆ ಮಲಗಿದವಳು ನಿಜಕ್ಕೂ ನಿದ್ದೆ ಹೋಗಿ ಗೊರಕೆ ಹೊಡೆದು ಯೂನಿಟ್ಟಿನವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಮಧ್ಯಾಹ್ನ ನಾಯಕಿ ಬಂದ ಕೂಡಲೆ ಇವಳು ಗುರುತಿನಿಂದ ಇಳಿದು, ಅವಳಿಗೆ ನಿಲ್ಲುವ ಜಾಗ ತೋರಿಸಿ, ಎಲ್ಲರಿಗೂ ಕಾಫಿ ಮಾಡಲು ಹೋಗುತ್ತಿದ್ದಳು.

ಹಾಗೆ ನಿಂತಿದ್ದ ಒಂದು ಬೆಳಿಗ್ಗೆ ಗಡ್ಡ ಬಂದು ಅವನ ಪಕ್ಕ ಕೂತು, ಬೀಡಿ ಹಚ್ಚಿ, ಕಿಟಕಿಯ ಪಕ್ಕ ನಿಂತವಳನ್ನು ನೋಡಿದ. ಬಹಳ ಹೊತ್ತೇನೂ ಅಲ್ಲ. “ಅಲ್ಲಯ್ಯಾ,” ಎಂದ, “ನಾವು ಊರೆಲ್ಲಾ ಹುಡುಕಿದ್ವಿ. ಮುಖ ಇಲ್ಲೇ ಇತ್ತಲ್ಲ. ಆ ಟೈಪಿಸ್ಟ್‌ಗೆ ಇನ್ನೂ ಒಂದೇ ವಾರದ ಕೆಲಸ ಆಗಿದೆ, ಮತ್ತೆ ತೆಗೆಯೋಣ. ಇವಳನ್ನೇ ಹಾಕೋಣ.” ಆಗ ಅವನು ಹೇಳಿದ ಮಾತು, “ಬೇಡ ಬಿಡು. ಅವಳ ಮುಖ ಬೆಳಕು ಹಿಡಿಯಲ್ಲ.” ಇದು ಅವನ ಕಸುಬಿನ ಮಾತು. ಕ್ಯಾಮರಾದವನು ಹಾಗೆಂದರೆ ಮುಗಿಯಿತು, ಡೈರೆಕ್ಟರು ಎದುರು ಹೇಳುವುದಿಲ್ಲ, ವೈದ್ಯ ರಕ್ತವಿಲ್ಲ ಅಂದ ಹಾಗೆ. ಗಡ್ಡ ಭುಜ ಹಾರಿಸಿ ಎದ್ದುಹೋದ. ಅವಳು ಗುರುತಿನ ಮೇಲೇ ನಿಂತಿದ್ದಳು. ಕೋಣೆ ಚಿಕ್ಕದು, ಮಾತು ಮೆಲ್ಲಗೆ ಆಡಿದ್ದ. ಅವಳ ಮುಖದಲ್ಲಿ ಏನೂ ಇರಲಿಲ್ಲ. ಏನೂ ಇರಬಾರದು ಎಂದು ಅವನೇ ಕಲಿಸಿದ್ದ, ಹಾಗಾಗಿ ಕೇಳಿಸಿತೋ ಇಲ್ಲವೋ ನೋಡಿ ತಿಳಿಯಲು ಅವನಿಗೆ ದಾರಿಯೇ ಉಳಿದಿರಲಿಲ್ಲ. ಮೀಟರು ಹಿಡಿದು ಹತ್ತಿರ ಹೋದ. ಮುಳ್ಳು ಇರಬೇಕಾದಲ್ಲೇ ಇತ್ತು.

ಯಾಕೆ ಹಾಗಂದೆ ಎಂದು ಅವನು ತನ್ನನ್ನು ಕೇಳಿಕೊಂಡಾಗಲೆಲ್ಲ ಒಂದೊಂದು ಉತ್ತರ ಸಿಕ್ಕಿದೆ. ಹೊಸ ಹೆಂಡತಿಯನ್ನು ಹತ್ತು ಜನ ನೋಡುವುದು ಬೇಡವಾಗಿತ್ತು. ಅಮ್ಮ ಏನೆನ್ನುತ್ತಾಳೋ ಎಂಬ ಹೆದರಿಕೆ. ಅವಳು ನಟಿಸಲು ಹೋದರೆ ಬದಲಿಗೆ ನಿಲ್ಲುವವರು ಯಾರು, ಅಷ್ಟು ಜನಕ್ಕೆ ಅಡುಗೆ ಮಾಡುವವರು ಯಾರು. ಇವೆಲ್ಲ ಮರ್ಯಾದಸ್ಥ ಉತ್ತರಗಳು, ನೆಂಟರ ಮುಂದೆ ಹೇಳಬಹುದಾದವು. ಅಡಿಯಲ್ಲಿ ಇನ್ನೊಂದಿತ್ತು. ಅದು ಸಣ್ಣದು, ಅಂಟು ಅಂಟು. ಅಷ್ಟು ದಿನ ಬೆಳಿಗ್ಗೆ ಬೆಳಿಗ್ಗೆ ಕ್ಯಾಮರಾದ ಗಾಜಿನೊಳಗಿಂದ ಆ ಮುಖವನ್ನು ನೋಡುತ್ತಾ ಕೂತವನು ಅವನು. ಕೆನ್ನೆಯ ಮೇಲೆ ಬೆಳಕೆಷ್ಟು, ಕಣ್ಣಿನ ಕೆಳಗೆ ಎಷ್ಟು ಎಂದು ಅಳೆದವನು ಅವನು. ಅವನಿಗೆ ಕಾಣದ್ದು ಗಡ್ಡನಿಗೆ, ಬೀಡಿ ಹಚ್ಚುವಷ್ಟರಲ್ಲಿ ಕಂಡಿತ್ತು. ನೋಡುವುದೇ ಹೊಟ್ಟೆಪಾಡಾದ ಮನುಷ್ಯನಿಗೆ ಅದಕ್ಕಿಂತ ದೊಡ್ಡ ಅವಮಾನ ಬೇರೆ ಯಾವುದಿದೆ. ದೀಪದ ಬುಡದಲ್ಲೇ ಕತ್ತಲೆ ಅನ್ನುತ್ತಾರೆ, ಆದರೆ ಬೇರೆಯವನು ಬಂದು ಆ ಕತ್ತಲೆಯಲ್ಲಿ ಬೆರಳಿಟ್ಟು ತೋರಿಸಿದರೆ ದೀಪಕ್ಕೆ ಹೇಗಾಗಬೇಡ. ಆ ಚಿತ್ರದಲ್ಲಿ ಕಿಟಕಿಯ ಪಕ್ಕ ನಿಂತ ಟೈಪಿಸ್ಟಿನ ಮುಖದ ಮೇಲಿನ ಬೆಳಕಿನ ಬಗ್ಗೆ ಪತ್ರಿಕೆಯವರು ಬರೆದರು. ಅದಕ್ಕೇ ಅವನಿಗೆ ಬಹುಮಾನ ಬಂತು. ವೇದಿಕೆಯ ಮೇಲೆ ಅವನು ಲ್ಯಾಬಿನವರನ್ನು ನೆನೆದ, ದೀಪದವರನ್ನು ನೆನೆದ, ವ್ಯಾನು ಓಡಿಸಿದವನನ್ನೂ ನೆನೆದ. ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತು ಅವಳು ಚಪ್ಪಾಳೆ ತಟ್ಟುತ್ತಿದ್ದಳು. ವಾಪಸು ಬರುವಾಗ ಬಸ್ಸಿನಲ್ಲಿ, “ಡ್ರೈವರ್ ಹೆಸರು ಹೇಳಿದ್ದು ಒಳ್ಳೇದಾಯ್ತು, ಪಾಪ, ಬಹಳ ಓಡಾಡಿದ್ದ,” ಎಂದಿದ್ದಳು. ಅದು ಚುಚ್ಚುಮಾತೋ, ನಿಜವಾದ ಮಾತೋ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವವಳಲ್ಲ ಅವಳು, ಆದರೂ ಅವನಿಗೆ ಇವತ್ತಿಗೂ ತಿಳಿದಿಲ್ಲ.

ಕರೆಗಂಟೆ ಸದ್ದು ಮಾಡಿತು.

ಡೈರೆಕ್ಟರ್ ಹುಡುಗಿಯ ಹಿಂದೆ ಕ್ಯಾಮರಾದ ಪೆಟ್ಟಿಗೆ ಹೊತ್ತು ಬಂದವನು ಟೇಪು. ಕತ್ತಿನಲ್ಲಿ ಅಳತೆ ಟೇಪು ನೇತಾಡಿಸಿಕೊಂಡೇ ಅವನ ಕೈಕೆಳಗೆ ಫೋಕಸ್ ನೋಡಿಕೊಳ್ಳುತ್ತಾ ಬೆಳೆದವನು, ಈಗ ತಲೆ ಬೋಳಾಗಿದೆ, ಸ್ವಂತವಾಗಿ ನಾಲ್ಕಾರು ಚಿತ್ರ ತೆಗೆದಿದ್ದಾನೆ. ಗುರುಗಳು ಮಾಡುತ್ತಾರೆಂದರೆ ಸಹಾಯಕ್ಕೆ ಬರುತ್ತೇನೆ ಎಂದು ಬಂದಿದ್ದ.

“ಅತ್ತಿಗೇ, ಮೇಕಪ್ ಇಲ್ವಾ?”

“ಹಾಕ್ಕೊಂಡಿದೀನಲ್ಲೋ, ಈರುಳ್ಳಿ ಹೆಚ್ಚಿ ಕಣ್ಣು ಕೆಂಪು ಮಾಡ್ಕೊಂಡಿದೀನಿ. ಇದಕ್ಕಿಂತ ಬೇಕಾ? ನಿನ್ನ ತಲೆ ಏನೋ ಇದು, ಬೆಳಕು ಬಡಿದು ವಾಪಸು ಬರ್ತಾ ಇದೆ. ಥರ್ಮಾಕೋಲ್ ಖರ್ಚು ಉಳೀತು ಬಿಡು ನಿಮ್ಮ ಗುರುಗಳಿಗೆ.”

ಹುಡುಗಿ ನಗುತ್ತಾ ಅವನ ಕಡೆ ನೋಡಿದಳು, ನೋಡಿದ್ರಾ ಸಾರ್, ನಾನು ಹೇಳಿದ್ದು ಇದನ್ನೇ, ಎನ್ನುವ ಹಾಗೆ. ಅವನಿಗೂ ಹಿಗ್ಗಾಯಿತು. ಇದನ್ನೇ ಹಿಡಿಯುತ್ತೇನೆ, ಎಂದುಕೊಂಡ. ಇಷ್ಟು ತಡವಾಗಿ ಆದರೂ ಪರವಾಗಿಲ್ಲ, ಕಡೆಯ ಚಿತ್ರ ಆದರೂ ಪರವಾಗಿಲ್ಲ, ಆಡಿದ ಒಂದು ಮಾತನ್ನು ಬಾಯಿಂದ ವಾಪಸು ತೆಗೆಯಲು ಆಗುವುದಿಲ್ಲ, ಗಾಜಿನಿಂದ ತೆಗೆಯುತ್ತೇನೆ. ನೋಡಲಿ ಎಲ್ಲರೂ. ಅವಳೂ ನೋಡಲಿ. ಹೊರಬಾಗಿಲಿನ ಒಳಗೆ, ಹಜಾರದಲ್ಲಿ ಅವಳನ್ನು ನಿಲ್ಲಿಸುವುದೆಂದಾಯಿತು. ಬಾಗಿಲಿನ ಮೇಲರ್ಧಕ್ಕೆ ಮಸುಕು ಗಾಜು, ಆಚೆ ಮೆಟ್ಟಿಲ ಕಡೆಯಿಂದ ಅದರೊಳಗೆ ಹಾಲಿನಂಥ ಬೆಳಕು ಬರುತ್ತಿತ್ತು. ಟೇಪು ನೆಲಕ್ಕೆ ಗುರುತು ಅಂಟಿಸಿದ. ಅವಳು ಬಂದು ಅದರ ಮೇಲೆ ನಿಂತಳು. ಅವನು ಒಂದು ದೀಪವನ್ನು ಸರಿಸಿ, ಅದಕ್ಕೆ ಬಟ್ಟೆ ಕಟ್ಟಿ, ಅಭ್ಯಾಸಬಲದಿಂದ ಮೀಟರು ತೆಗೆದು ಅವಳ ಕೆನ್ನೆಯ ಹತ್ತಿರ ಹಿಡಿದ. ಹಿಡಿದ ಕೂಡಲೆ, ಯಾರೂ ಹೇಳದೆಯೇ, ಅವಳ ಗಲ್ಲ ಸ್ವಲ್ಪ ಮೇಲೆದ್ದಿತು. ಹಿಂದೆ ಎಷ್ಟು ಏಳುತ್ತಿತ್ತೋ ಅಷ್ಟೇ.

“ಅಮ್ಮಾ, ಮನೆ ಬಿಡೋ ದಿನ,” ಎಂದಳು ಹುಡುಗಿ. “ಬೀಗದ ಕೈ ನಿಮ್ಮ ಹತ್ರ ಇದೆ. ಹೋಗೋ ಮುಂಚೆ ಈ ಮನೆಗೆ ಏನಾದ್ರೂ ಹೇಳಿ. ಬಾಯಿಗೆ ಬಂದದ್ದು. ಅವತ್ತು ನಲ್ಲಿಯವನಿಗೆ ಹೇಳಿದ ಹಾಗೆ.”

ಅವನು ಕ್ಯಾಮರಾಕ್ಕೆ ಕಣ್ಣು ಕೊಟ್ಟ. ಗಾಜಿನೊಳಗೆ ಅವಳ ಮುಖ ಬಂತು, ಫೋಕಸ್ ಆಯಿತು, ಮತ್ತು ಖಾಲಿಯಾಯಿತು. ಅವನ ಕಣ್ಣೆದುರೇ ಆಯಿತು ಅದು. ಮನೆಯವರೆಲ್ಲ ಹೊರಟುಹೋದ ಮೇಲೆ ಯಾರೋ ಒಂದೊಂದೇ ಕೋಣೆಯ ದೀಪ ಆರಿಸಿಕೊಂಡು ಬಂದ ಹಾಗೆ ಹುಬ್ಬು, ಕಣ್ಣು, ತುಟಿಯ ಕೊನೆ ಒಂದೊಂದೇ ಆರಿದವು. ಅವಳು ಮಾತೇನೋ ಆಡಿದಳು. “ಹೋಗಿ ಬರ್ತೀನಿ,” ಎಂದಳು, “ಇಷ್ಟು ವರ್ಷ ಇದ್ದೆವು,” ಎಂದಳು, ರೈಲ್ವೆ ನಿಲ್ದಾಣದಲ್ಲಿ ಗಾಡಿಯ ಹೊತ್ತು ಕೂಗುವವರ ದನಿಯಲ್ಲಿ. ಹುಡುಗಿ ಕಟ್ ಎಂದಳು. ಪರವಾಗಿಲ್ಲ, ಮೊದಲ ಸಲ ಅಲ್ವಾ, ಎಂದಳು. ಇನ್ನೊಂದು ಸಲ ಆಯಿತು, ಮತ್ತೂ ಒಂದು ಸಲ. ಪ್ರತಿ ಸಲವೂ ಅವಳು ಗುರುತಿನ ಮೇಲೆ ಅಷ್ಟು ಚೆನ್ನಾಗಿ, ಅಷ್ಟು ಅಲುಗಾಡದೆ ನಿಂತಳು. ಬೆಳಕು ಮಾತ್ರ ಎಲ್ಲೆಲ್ಲಿ ಬೀಳಬೇಕೋ ಅಲ್ಲೆಲ್ಲ ಬಿದ್ದಿತ್ತು, ಅವನು ಜನ್ಮದಲ್ಲಿ ಅಷ್ಟು ಒಳ್ಳೆಯ ಬೆಳಕು ಮಾಡಿರಲಿಲ್ಲ, ಒಂದು ಗೋಡೆಗೆ.

“ಏನಾದ್ರೂ ಮಾಡೇ,” ಎಂದುಬಿಟ್ಟ. ದನಿ ತಾನೆಣಿಸಿದ್ದಕ್ಕಿಂತ ಒರಟಾಗಿ ಬಂತು. “ಸುಮ್ಮನೆ ನಿಂತ್ಕೊಂಡ್ರೆ ಹೇಗೆ.”

ಅವಳು ಅವನ ಕಡೆ ನೋಡಿ, ಗದರಿಸಿಕೊಂಡ ಮಕ್ಕಳು ಮಾಡುವ ಹಾಗೆ, ಇನ್ನೂ ನೆಟ್ಟಗೆ ನಿಂತಳು. ಟೇಪು ನೆಲ ನೋಡಿದ.

ಹುಡುಗಿ ಜಾಣೆ. “ಸಾರ್, ಒಂದು ಕೆಲಸ ಮಾಡೋಣ,” ಎಂದಳು. “ಕ್ಯಾಮರಾ ಇವರು ನೋಡ್ಕೊಳ್ಳಲಿ, ನೀವು ಮಲಗೋ ಕೋಣೇಲಿ ಮಾನಿಟರ್ ಇಟ್ಕೊಂಡು ಕೂತ್ಕೊಳ್ಳಿ. ಎದುರಿಗೆ ಯಜಮಾನರಿದ್ರೆ ಯಾರಿಗಾದ್ರೂ ನಾಚಿಕೆ ಆಗುತ್ತೆ.” ಅವನು ಹಾಸಿಗೆಯ ಅಂಚಿನಲ್ಲಿ ಕೂತು, ಮಡಿಲಲ್ಲಿ ಆ ಚಿಕ್ಕ ಪರದೆಯನ್ನಿಟ್ಟುಕೊಂಡು ನೋಡಿದ. ಅಂಗೈಯಗಲದ ಹೆಂಡತಿ. ಆಕ್ಷನ್ ಎನ್ನುವುದು ಗೋಡೆಯಾಚೆ ಒಮ್ಮೆ, ಪರದೆಯಲ್ಲಿ ಒಮ್ಮೆ ಕೇಳಿಸಿತು. ಅವಳು ಬಾಯಿ ತೆರೆದಳು, ಕಣ್ಣು ಒಂದು ಸಲ ಮಲಗುವ ಕೋಣೆಯ ಬಾಗಿಲ ಕಡೆ ಹೊರಳಿತು, ಮತ್ತೆ ಮುಖದ ದೀಪಗಳು ಒಂದೊಂದಾಗಿ ಆರಿದವು.

ಕಾಫಿಗೆ ಬಿಟ್ಟರು. ಹುಡುಗಿ ಬಾಲ್ಕನಿಗೆ ಹೋಗಿ ಯಾರಿಗೋ ಫೋನು ಮಾಡುತ್ತಿದ್ದಳು. ಇನ್ನೂ ಎರಡು ದಿನ ನೋಡ್ತೀನಿ, ಆಗದಿದ್ರೆ ಆ ನಾಟಕದವರಲ್ಲಿ ಯಾರನ್ನಾದ್ರೂ ಕೇಳೋಣ, ಪಾಪ, ಅವರಿಗೆ ಬೇಜಾರಾಗದ ಹಾಗೆ ಹೇಳ್ಬೇಕು, ಎನ್ನುವುದು ಅವನ ಕಿವಿಗೆ ಬಿತ್ತು. ಅಡುಗೆಮನೆಯಲ್ಲಿ ಅವಳು ಟೇಪುವಿಗೆ ಮೇಲಿನ ಮನೆಯವಳ ನಡಿಗೆ ಮಾಡಿ ತೋರಿಸುತ್ತಿದ್ದಳು, ಸೊಂಟಕ್ಕೆ ಕೈಕೊಟ್ಟು, ಒಂದು ಕಾಲು ಎಳೆದು, ಕುತ್ತಿಗೆ ಕೊಕ್ಕರೆಯ ಹಾಗೆ ಚಾಚಿ. ಟೇಪು ಲೋಟ ಕೆಳಗಿಟ್ಟು ನಗುತ್ತಿದ್ದ. ಇವನನ್ನು ಕಂಡು ನಡಿಗೆ ನಿಂತಿತು. ಟೇಪು, ಲೆನ್ಸ್ ಒರೆಸಬೇಕು ಎಂದು ಯಾರೂ ಕೇಳದ ಕಾರಣ ಹೇಳಿ ಹೊರಗೆ ಹೋದ.

“ಇವನ ಮುಂದೆ ಬರುತ್ತೆ, ಅಲ್ಲಿ ಯಾಕೆ ಬರಲ್ಲ?” ಎಂದ ಅವನು.

“ಏನು?”

“ಇದೇ. ಈಗ ಮಾಡ್ತಾ ಇದ್ಯಲ್ಲ.”

ಅವಳು ಪಾತ್ರೆಯ ತಳಕ್ಕೆ ಹತ್ತಿದ ಹಾಲನ್ನು ಚಮಚದಿಂದ ಕೆರೆದಳು. “ನನಗೂ ಗೊತ್ತಾಗಲ್ಲ ರೀ,” ಎಂದಳು. “ರಾತ್ರಿಯೆಲ್ಲಾ ಹೇಳ್ಕೊಂಡಿದ್ದೆ, ಹೀಗೆ ಹೇಳ್ಬೇಕು, ಹಾಗೆ ಹೇಳ್ಬೇಕು ಅಂತ. ನೀವು ಆ ಗಾಜಿಗೆ ಕಣ್ಣು ಕೊಟ್ರಿ ನೋಡಿ, ಎಲ್ಲಾ ಹೋಯ್ತು. ನಾನು ಯಾರದೋ ಬದಲಿಗೆ ನಿಂತಿದೀನಿ ಅನ್ಸುತ್ತೆ. ಇನ್ನೇನು ಬರ್ತಾಳೆ ಅವಳು, ಬಂದ ಮೇಲೆ ಮಾಡ್ತಾಳೆ, ಅಲ್ಲೀವರೆಗೆ ಅಲ್ಲಾಡದೆ ಇದ್ರೆ ಸಾಕು ಅನ್ಸುತ್ತೆ. ಕಾಯ್ತಾ ಇರ್ತೀನಿ. ಯಾರೂ ಬರಲ್ಲ. ಆಮೇಲೆ ನೀವು ಬೈತೀರಿ.”

ಅವಳು ದೂರಾಗಿ ಹೇಳಲಿಲ್ಲ. ಮಂಡಿ ನೋವು ಎಲ್ಲಿ ಶುರುವಾಗುತ್ತೆ ಎಂದು ವೈದ್ಯರಿಗೆ ಹೇಳುವ ಹಾಗೆ, ಜಾಗ ಒತ್ತಿ ನೋಡಿ, ಇಲ್ಲಿ, ಎಂದು ಹೇಳಿದಳು. ಇದೇ ಹೊತ್ತು, ಈಗ ಕೇಳದಿದ್ದರೆ ಇನ್ನು ಯಾವತ್ತೂ ಇಲ್ಲ ಅನ್ನಿಸಿತು.

“ಆವತ್ತು ಗಡ್ಡ ಬಂದಿದ್ದ. ನೀನು ನಿಂತಿದ್ದೆ. ನಾನು ಅವನಿಗೆ…”

“ಕೇಳಿಸಿತ್ತು,” ಎಂದಳು ಅವಳು. ಚಮಚವನ್ನು ತೊಳೆದು ಅದರ ಜಾಗದಲ್ಲಿಟ್ಟಳು. “ಆವಾಗ ಕನ್ನಡಿ ಮುಂದೆ ನಿಂತು ನೋಡ್ಕೊಳ್ತಿದ್ದೆ, ಹೇಗಿರುತ್ತೆ ಬೆಳಕು ಹಿಡಿಯದೇ ಇರೋ ಮುಖ ಅಂತ. ಚಿಕ್ಕ ವಯಸ್ಸು. ಜರುಗಿ, ಅವರಿಗೆ ಕಾಫಿ ಆರಿಹೋಗುತ್ತೆ.”

ಸುಳ್ಳು ಹೇಳಿದ್ದೆ, ಎನ್ನಬೇಕಿತ್ತು ಅವನು. ಹಿಡಿಯುತ್ತಿತ್ತು, ನಿನ್ನ ಮುಖ ಹಿಡಿದ ಹಾಗೆ ಯಾವ ಮುಖವೂ ಹಿಡಿಯಲಿಲ್ಲ ಎನ್ನಬೇಕಿತ್ತು. ಅವಳು ತಟ್ಟೆ ಎತ್ತಿಕೊಂಡು ಆಗಲೇ ದಾಟಿ ಹೋಗಿದ್ದಳು. ಹೇಳಿದ್ದರೂ ಏನಾಗುತ್ತಿತ್ತು. ಈ ವಯಸ್ಸಿನಲ್ಲಿ ಗಂಡ ಬಂದು ನೀನು ಚೆಂದವಿದ್ದೆ ಎಂದರೆ ಹೆಂಗಸರು ಅದನ್ನು ಹಳೆಯ ಪತ್ರಿಕೆಯ ಜೊತೆ ಕಟ್ಟಿಡುತ್ತಾರೆ. ಅವನು ರಟ್ಟಿನ ಕಿಟಕಿಯ ಪಕ್ಕ ನಿಂತ. ಬಿಸಿಲು ಎದುರುಗೋಡೆ ಬಿಟ್ಟುಹೋಗಿತ್ತು. ಎರಡು ದಿನ ಬಿಟ್ಟು ಆ ಹುಡುಗಿ ಬೇಜಾರಾಗದ ಹಾಗೆ ಏನೋ ಹೇಳುತ್ತಾಳೆ, ಮತ್ತೆ ಯಾರೋ ಬರುತ್ತಾಳೆ, ಇವಳು ಗುರುತಿನಿಂದ ಇಳಿದು ಜಾಗ ತೋರಿಸುತ್ತಾಳೆ, ಬೇಸರವಿಲ್ಲದೆ ತೋರಿಸುತ್ತಾಳೆ, ಕಾಫಿ ಬೇಕಾ ಅಂತಲೂ ಕೇಳುತ್ತಾಳೆ. ಆಗ ಕ್ಯಾಮರಾ ಅವನದೇ. ಚಿತ್ರವೂ ಆಗುತ್ತದೆ, ಹೆಸರೂ ಬರುತ್ತದೆ. ಅದನ್ನು ಯೋಚಿಸುವಾಗ ಒಳಗೆಲ್ಲೋ ಒಂದು ಕಡೆ ಸಮಾಧಾನವಾದದ್ದು ಅವನಿಗೆ ಗೊತ್ತಾಯಿತು, ಮತ್ತು ಗೊತ್ತಾದ ಮೇಲೆ ನಿಲ್ಲಲಾಗಲಿಲ್ಲ.

ಹಜಾರಕ್ಕೆ ಹೋಗಿ, “ನನ್ನ ಕಣ್ಣು ಸರಿಯಿಲ್ಲ ಕಣಮ್ಮಾ,” ಎಂದ ಹುಡುಗಿಗೆ. “ಬೆಳಿಗ್ಗೆಯಿಂದ ನೋಡ್ತಾ ಇದೀನಿ, ಫೋಕಸ್ ಸಿಗ್ತಾ ಇಲ್ಲ. ಚಿತ್ರ ಇವನೇ ಮಾಡ್ಲಿ. ಚೆನ್ನಾಗಿ ಮಾಡ್ತಾನೆ.”

“ಅಯ್ಯೋ ಸಾರ್, ಹಾಗಂದ್ರೆ ಹೇಗೆ. ನಿಮಗೋಸ್ಕರ ಬಂದಿದ್ದು ನಾನು.”

“ಇಲ್ಲಮ್ಮ. ಆಗಲ್ಲ.”

“ಇನ್ನೂ ಮೊದಲ ದಿನ ಅಲ್ವಾ ಸಾರ್, ಇವತ್ತಿಗೆ ಬಿಡಿ, ಕಣ್ಣು ತೋರಿಸ್ಕೊಂಡು ಬನ್ನಿ, ಕಾಯ್ತೀವಿ.”

ಅವನು ತಲೆಯಲ್ಲಾಡಿಸಿದ. ಮೂರನೆಯ ಸಲ ಕೇಳುತ್ತಾಳೆ ಎಂದುಕೊಂಡಿದ್ದ, ಅದಕ್ಕೆ ಹೇಳಬೇಕಾದ ಮಾತನ್ನೂ ಜೋಡಿಸಿಟ್ಟುಕೊಂಡಿದ್ದ. ಹುಡುಗಿ ಒಂದು ಗಳಿಗೆ ಅವನ ಮುಖ ನೋಡಿ, ಟೇಪುವಿನ ಕಡೆ ತಿರುಗಿ, “ಹಾಗಾದ್ರೆ ಸ್ವಲ್ಪ ಹಿಂದಕ್ಕೆ ಹೋಗೋಣವಾ, ಬಾಗಿಲು ಪೂರ್ತಿ ಬರೋ ಹಾಗೆ?” ಎಂದಳು. ಟೇಪು ಆಗಲೇ ಕ್ಯಾಮರಾದ ಸ್ಟ್ಯಾಂಡಿನ ಕಾಲುಗಳನ್ನು ಎತ್ತಿ ಜರುಗಿಸುತ್ತಿದ್ದ. ಗುರುತಿನ ಪಕ್ಕ ನಿಂತಿದ್ದ ಹೆಂಡತಿ ಮಾತ್ರ ಅವನನ್ನು ನೋಡಿದಳು. ಅವನ ಕಣ್ಣಿನಲ್ಲಿ ಏನೂ ತೊಂದರೆಯಿಲ್ಲ ಎಂದು ಅವಳಿಗೆ ಗೊತ್ತು, ಮೊನ್ನೆಯಷ್ಟೇ ಸೂಜಿಗೆ ದಾರ ಪೋಣಿಸಿಕೊಟ್ಟಿದ್ದ.

“ಸ್ವಲ್ಪ ಗಾಳಿಗೆ ಹೋಗಿ ಬರ್ತೀನಿ,” ಎಂದು ಅವನು ಚಪ್ಪಲಿ ಮೆಟ್ಟಿಕೊಂಡು, ಬಾಗಿಲೆಳೆದುಕೊಂಡು ಹೊರಗೆ ಬಂದ. ಬಂದವನು ಗಾಳಿಗೇನೂ ಹೋಗಲಿಲ್ಲ. ಕಾಲು ಅಲ್ಲೇ, ಮೆಟ್ಟಿಲ ಮೇಲಿನ ಜಗುಲಿಯಲ್ಲೇ ನಿಂತವು. ಕೆಳಗಿನ ಮನೆಯಿಂದ ಪಾತ್ರೆ ತೊಳೆಯುವ ಸದ್ದು ಬರುತ್ತಿತ್ತು. ಅದೂ ನಿಂತಿತು. ಒಳಗೆ ಹುಡುಗಿ ಏನೋ ಹೇಳಿದಳು, ಟೇಪು ಅದಕ್ಕೆ ಏನೋ ಅಂದ, ಆಮೇಲೆ ಎಲ್ಲರೂ ಸುಮ್ಮನಾದರು. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಆಗಲಿಲ್ಲ, ಇನ್ನೂ ಆಗಲಿಲ್ಲ, ಎಂದುಕೊಂಡ, ಮತ್ತು ಹಾಗೆಂದುಕೊಂಡ ತನ್ನನ್ನೇ ಹಳಿದುಕೊಂಡ. ಆಮೇಲೆ ಅವಳ ದನಿ ಬಂತು. ನಲ್ಲಿಯವನಿಗೆ ಬೈದ ದನಿಯಲ್ಲ, ಅವನಿಗೆ ಗೊತ್ತಿದ್ದ ಯಾವ ದನಿಯೂ ಅಲ್ಲ. ಯಾರ ಪಕ್ಕದಲ್ಲೋ ಕೂತು ಮಾತಾಡುವ ಹಾಗೆ.

“ಏನೇ, ನನ್ನನ್ನೇ ನೋಡ್ತಾ ಇದೀಯ,” ಎನ್ನುತ್ತಿದ್ದಳು, ಮನೆಗೆ. “ಗೋಡೆ ಅಂತ ಅಂದ್ಕೊಂಡಿದ್ದೆ ನಿನ್ನ. ನಿನಗೆ ಕಣ್ಣಿತ್ತಾ. ಇಷ್ಟು ವರ್ಷ ನಾನು ಒಬ್ಬಳೇ ಮಾತಾಡ್ಕೋತೀನಿ ಅಂದ್ಕೊಂಡು ಎಷ್ಟು ಆಡಿದೆ ನಿನ್ನ ಮುಂದೆ. ಅತ್ತಿದ್ದು, ಕುಣಿದಿದ್ದು. ಯಾರಿಗೂ ಹೇಳಿಲ್ಲ ಅಲ್ವಾ ನೀನು? ಹೇಳ್ಬಿಡೇ ಈಗ. ನಾನು ಹೋದ ಮೇಲೆ ಯಾರಾದ್ರೂ ಬರ್ತಾರಲ್ಲ, ಅವರಿಗೆ ಹೇಳು.”

ಅಲ್ಲಿಗೆ ನಿಂತಿತು. ಯಾರೂ ಕಟ್ ಎನ್ನಲಿಲ್ಲ. ಮಾತಿಲ್ಲದ ಆ ಹೊತ್ತಿನಲ್ಲಿ ಅವಳ ಮುಖದ ಮೇಲೆ ಏನೋ ನಡೆಯುತ್ತಿತ್ತು. ಹುಡುಗಿಗೆ ಅದು ಕಾಣುತ್ತಿತ್ತು, ಟೇಪುವಿಗೆ ಗಾಜಿನೊಳಗೆ ಕಾಣುತ್ತಿತ್ತು, ಇನ್ನು ಕತ್ತಲೆಯ ಸಭಾಂಗಣಗಳಲ್ಲಿ ಕೂತ ಗುರುತಿಲ್ಲದ ಜನಕ್ಕೆ ಕಾಣುತ್ತದೆ. ಅವನು ಉಸಿರು ಬಿಗಿಹಿಡಿದು, ಮಸುಕು ಗಾಜಿಗೆ ಇನ್ನಷ್ಟು ಹತ್ತಿರ ಸರಿದ. ಹಾಲಿನಂಥ ಬಿಳುಪು ಬಿಟ್ಟರೆ ಏನೂ ಇಲ್ಲ.

ಬಾಗಿಲು ಒಂದು ಬೆರಳಿನಷ್ಟು ತೆರೆಯಿತು. ಟೇಪುವಿನ ಬೋಳುತಲೆ.

“ಸಾರ್,” ಎಂದ ಅವನು ಪಿಸುದನಿಯಲ್ಲಿ. ಕಣ್ಣು ಒದ್ದೆಯಾಗಿದ್ದವು. “ಅತ್ತಿಗೆ ಈಗ ಬಂದ್ರು ನೋಡಿ. ಇನ್ನೊಂದು ತೊಗೊಳ್ತಾ ಇದೀವಿ. ಅದೇ… ನಿಮ್ಮ ಹಿಂದೆ ಕಿಟಕಿ ಇದೆಯಲ್ಲ ಸಾರ್. ಗಾಜಿನ ಮೇಲೆ ನಿಮ್ಮ ನೆರಳು ಬೀಳ್ತಾ ಇದೆ. ಫ್ರೇಮಲ್ಲಿ ಬರುತ್ತೆ.”

ಅವನು ತಿರುಗಿ ನೋಡಿದ. ಮೆಟ್ಟಿಲ ತಿರುವಿನ ಕಿಟಕಿಯಿಂದ ಬೆಳಕು ನೇರವಾಗಿ ಅವನ ಬೆನ್ನಿಗೇ ಬೀಳುತ್ತಿತ್ತು. ಇಂಥದ್ದನ್ನು ನೋಡದ ಹುಡುಗರನ್ನು ಅವನು ಎಷ್ಟು ಸಲ ಯೂನಿಟ್ಟಿನಿಂದ ಓಡಿಸಿದ್ದ.

“ಹೌದಲ್ಲ,” ಎಂದು ಎರಡು ಮೆಟ್ಟಿಲು ಇಳಿದ. “ಈಗ?”

“ಇನ್ನೊಂದು ಚೂರು ಸಾರ್. ತಲೆ ಬರ್ತಾ ಇದೆ.”

ಕಂಬಿ ಹಿಡಿದುಕೊಂಡು ಅವನು ಮತ್ತಷ್ಟು ಇಳಿದ. “ಈಗ?”

ಟೇಪು ಗಾಜಿನ ಕಡೆ ನೋಡಿದ, ಒಳಗೆ ನೋಡಿದ, ಮತ್ತೆ ಗಾಜು ನೋಡಿದ.

“ಈಗ ಇಲ್ಲ ಸಾರ್. ಈಗ ಚೆನ್ನಾಗಿದೆ.”

ಬಾಗಿಲು ಮುಚ್ಚಿತು. ಎಲ್ಲಿ ಅಲ್ಲಾಡಿದರೆ ಮತ್ತೆ ನೆರಳು ಬೀಳುತ್ತದೋ ಎಂದು, ಟೇಪು ‘ಚೆನ್ನಾಗಿದೆ’ ಎಂದ ಆ ಮೆಟ್ಟಿಲ ಮೇಲೇ, ಕಂಬಿಗೆ ಕೈಯಿಟ್ಟುಕೊಂಡು ಅವನು ನಿಂತ.